ಹರಿಯುವ ನೀರಿಗೆ ಬಿಟ್ಟದ್ದು

ಹೋದ ತಿಂಗಳು ಒಂದು ಬೆಳಿಗ್ಗೆ ಹಾಲು ತರಲು ಹೋಗಿದ್ದೆ. ಬಸವನಗುಡಿಯ ನಮ್ಮ ರಸ್ತೆಯ ತಿರುವಿನಲ್ಲಿ ಒಂದು ಅರಳಿಕಟ್ಟೆ ಇದೆ. ಅಲ್ಲಿ ನಾಗರಕಲ್ಲುಗಳ ಪಕ್ಕಕ್ಕೆ ಯಾರೋ ಒಂದು ದೇವರ ಪಟವನ್ನು ಮರಕ್ಕೆ ಒರಗಿಸಿ ಹೋಗಿದ್ದರು. ಗಾಜು ಒಂದು ಮೂಲೆಯಲ್ಲಿ ಸೀಳಿತ್ತು. ಪಕ್ಕದಲ್ಲಿ ಪ್ಲಾಸ್ಟಿಕ್ ಕವರಿನ ತುಂಬ ಪೂಜೆಯ ಹಳೇ ಹೂವು, ಕೊಳೆತು ಕಪ್ಪಾಗಿದ್ದು. ನಿಮ್ಮ ಬಡಾವಣೆಯಲ್ಲೂ ಇಂಥದ್ದನ್ನು ನೀವು ನೋಡಿರುತ್ತೀರಿ. ನೋಡಿ, ಕೆನ್ನೆಗೆ ಎರಡು ಬೆರಳು ಮುಟ್ಟಿಸಿಕೊಂಡು ಮುಂದೆ ಹೋಗಿರುತ್ತೀರಿ. ನನಗೆ ಆಗಲಿಲ್ಲ. ಆ ಹೂವಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಲು ಅಲ್ಲೇ ನಿಂತುಬಿಟ್ಟಿತು. ಹಾಲಿನ ಪ್ಯಾಕೆಟ್ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ, ಎದುರು ಕೂತಿದ್ದ ಹೂವಿನವಳು, "ಯಾಕ್ ಸಾರ್, ತಲೆ ಸುತ್ತುತ್ತಾ? ಕೂತ್ಕೊಳ್ಳಿ" ಅಂದಳು. ಏನಿಲ್ಲಮ್ಮ ಎಂದು ಮನೆಗೆ ಬಂದೆ.

ಏನಿಲ್ಲ ಅಂದದ್ದು ಸುಳ್ಳು. ಇದೆ. ಅದನ್ನು ಹೇಳಬೇಕಾದರೆ ಮೊದಲು ನನ್ನ ಹಳೆಯ ಹುಚ್ಚಿನ ವಿಷಯ ಹೇಳಬೇಕು. ನೌಕರಿಯಲ್ಲಿದ್ದಾಗ ನಾನು ಗಾಳ ಹಾಕಿ ಮೀನು ಹಿಡಿಯುತ್ತಿದ್ದೆ. ನಗಬೇಡಿ. ಹಬ್ಬದ ದಿನ ಈರುಳ್ಳಿಯನ್ನೂ ಹೊಸಲು ದಾಟಿಸದ ಮನೆ ನಮ್ಮದು. ಆಫೀಸಿನ ಸಹೋದ್ಯೋಗಿಯೊಬ್ಬ ಒಂದು ಭಾನುವಾರ ಕನಕಪುರದಾಚೆ ಕಾವೇರಿ ದಡಕ್ಕೆ ಕರೆದುಕೊಂಡು ಹೋಗಿ ಕೈಗೆ ಕೋಲು ಕೊಟ್ಟ. ಮಶೀರ್ ಮೀನೊಂದು ದಾರ ಜಗ್ಗಿದ ಕ್ಷಣಕ್ಕೆ ನನ್ನ ಕಥೆ ಮುಗಿಯಿತು. ಅವನಿಗೆ ವರ್ಗವಾಯಿತು, ನನಗೆ ಚಟ ಉಳಿಯಿತು. ತಿಂಗಳಿಗೆ ಎರಡು ಭಾನುವಾರ ಸ್ಕೂಟರಿನ ಮೇಲೆ ಸವಾರಿ. ಆ ಮೀನಿಗೆ ಇಷ್ಟವಾದ ರಾಗಿ ಉಂಡೆಯನ್ನು ಅಮ್ಮನೇ ಸೋಂಪು ಹಾಕಿ ಬೇಯಿಸಿ ಕಟ್ಟಿಕೊಡುತ್ತಿದ್ದಳು. "ಮೀನಿಗೆ ಹಾಕಿದ್ರೆ ಪುಣ್ಯ ಕಣೋ" ಅನ್ನುತ್ತಿದ್ದಳು. ಉಂಡೆಯೊಳಗೆ ಗಾಳ ಇರುತ್ತದೆ ಎಂಬುದನ್ನು ನಾನು ಅವಳಿಗೆ ಹೇಳಲೇ ಇಲ್ಲ.

ಹಿಡಿದ ಮೀನನ್ನು ತಿನ್ನುವ ಹಾಗಿಲ್ಲವಲ್ಲ, ಹಾಗಾಗಿ ಬಿಡುತ್ತಿದ್ದೆ. ಅದರಿಂದ ನನಗೊಂದು ದೊಡ್ಡ ಜಂಭ ಬಂತು. ಮೀನಿಗೆ ಗಾಯವಾಗಬಾರದೆಂದು ಗಾಳದ ಮುಳ್ಳನ್ನು ಇಕ್ಕಳದಲ್ಲಿ ಅದುಮಿ ಮೊಂಡು ಮಾಡುತ್ತಿದ್ದೆ. ಕೈ ಒದ್ದೆ ಮಾಡಿಕೊಳ್ಳದೆ ಮೀನು ಮುಟ್ಟುತ್ತಿರಲಿಲ್ಲ. ತುಂಡಾದ ನೈಲಾನ್ ದಾರವನ್ನು ಗೇಣುದ್ದದ್ದನ್ನೂ ಬಿಡದೆ ಸುತ್ತಿ ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಭಾನುವಾರ ಆ ದಡದಲ್ಲಿ ಜಾತ್ರೆ. ಬಿರಿಯಾನಿ ಪೊಟ್ಟಣ, ಬಿಯರ್ ಬಾಟಲಿ, ಗುಟ್ಕಾ ಕವರು. ನಾನು ಗೋಣಿಚೀಲ ಹಿಡಿದು ಬಾಟಲಿ ಆರಿಸುತ್ತಿದ್ದೆ. ಆರಿಸಿದರೆ ಸಾಲದು, ಎಸೆದವರಿಗೆ ಉಪದೇಶವನ್ನೂ ಮಾಡುತ್ತಿದ್ದೆ. ನನ್ನ ಗಂಟಲು ಕೇಳಿದರೆ ಜನ ಜಾಗ ಬದಲಾಯಿಸುತ್ತಿದ್ದರು.

ಒಮ್ಮೆ ಮೂವರು ಯುವಕರು ಬಂಡೆಯ ಮೇಲೆ ಬಿಯರ್ ಇಟ್ಟುಕೊಂಡು ಕೂತಿದ್ದರು. ನನ್ನ ಉಪದೇಶ ಶುರುವಾಯಿತು. ಅವರಲ್ಲೊಬ್ಬ ಎದ್ದು ನಿಂತು, "ಸಾರ್, ಬೈಬೇಡಿ. ನಾವೂ ನಿಮ್ಮ ಪಕ್ಕದ ಏರಿಯಾನೇ, ಮಾವಳ್ಳಿ. ನಾನು ಪ್ರಕಾಶ ಅಂತ, ಲಾಲ್‌ಬಾಗ್ ಹಿಂದ್ಗಡೆ ಗ್ಯಾರೇಜಲ್ಲಿದೀನಿ. ಬಾಟ್ಲಿ ವಾಪಸ್ ತಗೊಂಡೇ ಹೋಗ್ತೀವಿ, ನೋಡಿ ಬ್ಯಾಗು" ಅಂದ. ಬ್ಯಾಗು ತೆರೆದೂ ತೋರಿಸಿದ. "ನೋಡಿದೀನಿ ನಿಮ್ಮಂಥೋರ್ನ" ಎಂದು ನಾನು ಮುಖ ತಿರುಗಿಸಿ ಹೋದೆ.

ಆ ದಡದಲ್ಲಿ ನನ್ನನ್ನು ಸಹಿಸಿಕೊಂಡವನು ಒಬ್ಬನೇ, ಹರಿಗೋಲಿನ ಮಾದಯ್ಯ. ನನಗಿಂತ ಹತ್ತು ವರ್ಷ ದೊಡ್ಡವನು, ಕಡ್ಡಿಯಂಥ ಮೈ. ಜನರನ್ನು ಆಚೆ ದಡಕ್ಕೆ ದಾಟಿಸುವುದು, ನಮ್ಮಂಥವರನ್ನು ಮೀನಿರುವ ಮಡುವಿಗೆ ಒಯ್ಯುವುದು ಅವನ ಕೆಲಸ. ಬರಿಗಾಲಲ್ಲಿ ನೀರಿಗಿಳಿದು, ಪಾದದಲ್ಲೇ ತಳ ತಡವಿ, ಕಲ್ಲೆಲ್ಲಿ ಮರಳೆಲ್ಲಿ ಎಂದು ನೋಡಿಕೊಂಡು ಹರಿಗೋಲು ತಳ್ಳುತ್ತಿದ್ದ. ಚಪ್ಪಲಿ ಹಾಕ್ಕೊಳ್ಳೋ ಮಾರಾಯ ಎಂದರೆ, "ಚಪ್ಲಿ ಆಕಂಡ್ರೆ ಕಣ್ಣಿಗೆ ಬಟ್ಟೆ ಕಟ್ದಂಗೆ ಬುದ್ಧಿ" ಎಂದು ನಗುತ್ತಿದ್ದ. ನಾನು ಬಾಟಲಿ ಆರಿಸುವುದನ್ನು ಕಂಡರೆ ಅವನಿಗೆ ಕಣ್ಣು ತುಂಬುವಷ್ಟು ಪ್ರೀತಿ. ಹರಿಗೋಲು ಹತ್ತಿದವರಿಗೆಲ್ಲ ನನ್ನನ್ನು ತೋರಿಸಿ ಹೊಗಳುತ್ತಿದ್ದ.

ಈಗ ನಮ್ಮ ರಸ್ತೆಗೆ ಬರೋಣ. ನಮ್ಮ ಕಡೆ ಪೂಜೆಗಿಟ್ಟ ಹೂವನ್ನು ಕಸದ ಬುಟ್ಟಿಗೆ ಹಾಕುವುದಿಲ್ಲ. ಅದನ್ನು ಯಾರೂ ತುಳಿಯಬಾರದು, ಹರಿಯುವ ನೀರಿಗೇ ಬಿಡಬೇಕು. ಬಸವನಗುಡಿಯಲ್ಲಿ ಹರಿಯುವ ನೀರು ಎಲ್ಲಿಂದ ಬರಬೇಕು? ಹರಿಯುವುದು ಮೋರಿ ಒಂದೇ. ನಾನು ಕಾವೇರಿಗೆ ಹೋಗುತ್ತೇನೆಂಬ ಸುದ್ದಿ ಪಕ್ಕದ ಮನೆಯ ಪದ್ಮಕ್ಕನಿಗೆ ಮೊದಲು ಗೊತ್ತಾಯಿತು. "ಹೆಂಗೂ ಕಾವೇರಿಗೇ ಹೋಗ್ತೀಯಲ್ಲಪ್ಪ, ಇದೊಂದು ಬಿಟ್ಬಿಡು" ಎಂದು ಒಂದು ಕವರು ಕೊಟ್ಟರು. ಆಮೇಲೆ ಎದುರು ಮನೆ, ಹಿಂದಿನ ಬೀದಿ. ಹೂವು, ಹಳೇ ಜನಿವಾರ, ವ್ರತದ ದಾರ, ದೇವರ ಕ್ಯಾಲೆಂಡರು, ಕಾಲು ಮುರಿದ ಗಣಪತಿ. ಶನಿವಾರ ಸಂಜೆ ನಮ್ಮ ಗೇಟಿಗೆ ಕವರುಗಳು ತೂಗುತ್ತಿದ್ದವು. ನಾನು ಬೇಡ ಅನ್ನಲಿಲ್ಲ. ನಿಜ ಹೇಳಬೇಕೆಂದರೆ ಖುಷಿಯೇ ಆಗುತ್ತಿತ್ತು. ಮೀನು ಹಿಡಿಯುವವನು ಎಂದು ಮೂಗು ಮುರಿಯುತ್ತಿದ್ದ ರಸ್ತೆ ಈಗ ಗೌರವ ಕೊಡುತ್ತಿತ್ತಲ್ಲ! ದಡದಲ್ಲಿ ಮಂದಿಯ ಬಾಟಲಿಗಳನ್ನು ಗೋಣಿಗೆ ತುಂಬಿದ ಅದೇ ಕೈಯಲ್ಲಿ ಈ ಕವರುಗಳನ್ನು ಬಿಚ್ಚಿ ನದಿಗೆ ಸುರಿಯುತ್ತಿದ್ದೆ. ಸುರಿದು ಕೈ ಮುಗಿಯುತ್ತಿದ್ದೆ. ಎರಡೂ ಕಸವೇ ಎಂದು ನನಗೆ ಒಂದು ದಿನವೂ ಹೊಳೆಯಲಿಲ್ಲ.

ಒಂದು ಶನಿವಾರ ಪದ್ಮಕ್ಕ ಲಕ್ಷ್ಮಿಯ ಪಟ ತಂದರು. ಅವರತ್ತೆಯ ಕಾಲದ್ದು, ಎರಡಡಿ ಎತ್ತರ, ಗಾಜು ಬಿರುಕು ಬಿಟ್ಟಿತ್ತು. ಒಡೆದ ಪಟ ಮನೆಯಲ್ಲಿರಬಾರದು ಎಂದು ಅವರಿಗೆ ಆತಂಕ. "ಜೋಪಾನವಾಗಿ ಬಿಡಪ್ಪ, ತೇಲಿ ವಾಪಸ್ ಬರಬಾರದು" ಅಂದರು. ಬಿಟ್ಟೆ. ಮರದ ಚೌಕಟ್ಟು ನೋಡಿ, ತೇಲಿತು. ತಳ್ಳಿದರೆ ಮತ್ತೆ ದಡಕ್ಕೇ ಬಂತು. ಮಾದಯ್ಯ ಹರಿಗೋಲು ಕಟ್ಟುವ ಬಂಡೆಯ ಮರೆಯಲ್ಲಿ ಸೆಳೆತವಿರಲಿಲ್ಲ, ಮೊಣಕಾಲುದ್ದ ನೀರು. ಅಲ್ಲಿ ಪಟವನ್ನು ಅಂಗಾತ ಮಲಗಿಸಿ, ಮೇಲೊಂದು ಕಲ್ಲು ಹೇರಿದೆ. ಟಕ್ ಎಂದಿತು. ನೀರೊಳಗಿನ ಸದ್ದಾದರೂ ನನಗೆ ಕೇಳಿಸಿತು, ಕೇಳಿಸಲಿಲ್ಲ ಎಂದು ಹೇಳಲಾರೆ. ಕೈ ಮುಗಿದು, ಗಾಳ ಹಾಕಲು ಹೋದೆ.

ಎರಡು ವಾರ ಬಿಟ್ಟು ಹೋದಾಗ ಹರಿಗೋಲು ದಡದಲ್ಲಿ ಕವುಚಿ ಬಿದ್ದಿತ್ತು. ಟೀ ಅಂಗಡಿಯವನು ಹೇಳಿದ: ಮಾದಯ್ಯನ ಅಂಗಾಲಿಗೆ ಗಾಜು ಹೊಕ್ಕಿತು, ಅರಿಶಿನ ಮೆತ್ತಿಕೊಂಡು ನಾಲ್ಕು ದಿನ ಹಾಗೇ ನೀರಿಗಿಳಿದ, ಸಕ್ಕರೆ ಕಾಯಿಲೆ ಇದ್ದದ್ದು ಅವನಿಗೇ ಗೊತ್ತಿರಲಿಲ್ಲ, ಕಾಲು ಕಪ್ಪಾಗಿ ಬೆಂಗಳೂರಿನ ಆಸ್ಪತ್ರೆಗೆ ಒಯ್ದಿದ್ದಾರೆ. "ಆ ಮಾವಳ್ಳಿ ಐಕ್ಳು ಬಾಟ್ಲಿ ಒಡ್ದವ್ರೆ. ಓದ್ ಬಾನುವಾರ ಬಂದಿದ್ರು, ಇಡ್ಕಂಡು ಸರ್ಯಾಗ್ ಇಕ್ಕುದ್ವಿ. ಒಬ್ನ ಕೈ ಮುರೀತು. ಬೈಕ್ನೂ ಒಳೆಗೆ ತಳ್ಳುದ್ವಿ" ಅಂದ.

"ಸರಿಯಾಗೇ ಆಯ್ತು" ಅಂದೆ ನಾನು. ಈ ಬಾಯಿಂದಲೇ ಅಂದೆ.

ಅನ್ನುತ್ತಿರುವಾಗಲೇ ಆ ಟಕ್ ಎಂದ ಸದ್ದು ನೆನಪಾಯಿತು. ಬಂಡೆಯ ಮರೆಗೆ ಹೋದೆ. ಕಲ್ಲು ಪಕ್ಕಕ್ಕೆ ಉರುಳಿತ್ತು. ಕಾಗದ ನೆನೆದು ಉಬ್ಬಿತ್ತು. ಗಾಜಿನಲ್ಲಿ ಅಂಗೈಯಷ್ಟು ತುಂಡು ಇರಲಿಲ್ಲ. ಸುತ್ತ ನೋಡಿದೆ, ಯಾರೂ ಇರಲಿಲ್ಲ. ಆಗ ನಾನು ಮಾಡಿದ್ದೇನು ಗೊತ್ತೇ? ಉಳಿದ ಗಾಜನ್ನೂ ಚೌಕಟ್ಟನ್ನೂ ಎತ್ತಿ ಟವೆಲಿನಲ್ಲಿ ಸುತ್ತಿ, ಗೋಣಿಚೀಲದ ತಳಕ್ಕೆ ಹಾಕಿ, ಮೇಲೆ ದಡದ ನಾಲ್ಕು ಬಾಟಲಿ ತುಂಬಿ, ಮನೆಗೆ ಹೊರಟೆ. ಟೀ ಅಂಗಡಿಯವನು ಚೀಲ ನೋಡಿ, "ಇವತ್ತೂ ಆರಿಸುದ್ರಾ ಸಾರ್, ದೊಡ್ಡೋರು ನೀವು" ಅಂದ.

ಆಸ್ಪತ್ರೆಗೆ ಹೋದೆ. ಹೇಳಿಬಿಡಬೇಕು ಎಂದೇ ಹೋದೆ. ಮಾದಯ್ಯನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದುಬಿಟ್ಟಿದ್ದರು. ಹೊದಿಕೆ ಅಲ್ಲಿಂದಾಚೆ ಚಪ್ಪಟೆಯಾಗಿತ್ತು. ನನ್ನನ್ನು ಕಂಡು ಎದ್ದು ಕೂರಲು ಹೋದ. ಪಕ್ಕದ ಹಾಸಿಗೆಯವನಿಗೆ, "ಇವ್ರೇ ಕಣಪ್ಪ, ದಡದಾಗೆ ಸೀಸೆ ಆರ್ಸೋ ಬುದ್ಯೋರು. ಎಲ್ರೂ ಇವ್ರಂಗಿದ್ದಿದ್ರೆ ನನ್ ಕಾಲು ಉಳೀತಿತ್ತು" ಅಂದ. ನಾನು ಮೂಸಂಬಿ ಚೀಲವನ್ನು ಮಂಚದ ಮೇಲಿಟ್ಟೆ. ಇನ್ನೊಂದು ದಿನ ಹೇಳೋಣ ಅಂದುಕೊಂಡೆ. ಹೇಡಿಗಳಿಗೆ ಯಾವತ್ತೂ ಇನ್ನೊಂದು ದಿನ ಇದ್ದೇ ಇರುತ್ತದೆ.

ಗಾಳದ ಕೋಲನ್ನು ಗುಜರಿಗೆ ಹಾಕಿದೆ. ಅಮ್ಮ "ಸದ್ಯ ಬುದ್ಧಿ ಬಂತು" ಅಂದಳು. ಪದ್ಮಕ್ಕ ಮಾತ್ರ ತುಂಬ ದಿನ ನೊಂದುಕೊಂಡರು, ಅವರ ಹೂವಿಗೆ ದಾರಿ ಇಲ್ಲವಾಯಿತಲ್ಲ. ಅವರಿಗೂ ನಾನು ಏನೂ ಹೇಳಲಿಲ್ಲ. ಹೀಗೆ ಹತ್ತು ವರ್ಷ ಕಳೆದವು. ಅಮ್ಮ ಹೋದಳು, ಪದ್ಮಕ್ಕ ಹೋದರು, ನನಗೆ ರಿಟೈರೂ ಆಯಿತು.

ಹೋದ ತಿಂಗಳು ಅರಳಿಕಟ್ಟೆಯ ಮುಂದೆ ಕಾಲು ನಿಂತಿತು ಅಂದೆನಲ್ಲ, ಆ ಭಾನುವಾರವೇ ಬಸ್ಸು ಹತ್ತಿದೆ. ಮಾದಯ್ಯ ಬದುಕಿದ್ದ. ಗುಡಿಸಲಿನ ಮುಂದೆ, ಊರುಗೋಲು ಪಕ್ಕಕ್ಕಿಟ್ಟುಕೊಂಡು ಬುಟ್ಟಿ ಹೆಣೆಯುತ್ತಿದ್ದ. ಗುರುತು ಹಿಡಿದು ಕೈ ಹಿಡಿದುಕೊಂಡ. ನಾನು ಬಾಯಿ ತೆರೆಯುವ ಮುಂಚೆ ಅವನೇ ದನಿ ತಗ್ಗಿಸಿ ಶುರು ಮಾಡಿದ.

"ಬುದ್ಧಿ, ನೀವು ತಿಳ್ದೋರು. ಒಂದ್ ಮಾತು ಕೇಳ್ಬೇಕು. ಯಾರ್ಗೂ ಯೋಳಿಲ್ಲ, ಎಂಡ್ರಿಗೂ ಯೋಳಿಲ್ಲ. ನಂಗೆ ಚುಚ್ಚಿದ್ದು ಬಾಟ್ಲಿ ಅಲ್ಲ. ಲಕ್ಷ್ಮವ್ವನ ಪಟ. ಕಾಲು ಎತ್ತಿ ನೋಡ್ತೀನಿ, ನೀರೊಳ್ಗೆ ಅವ್ವನ ಮಕ. ಅವ್ವನ ಮಕದ ಮ್ಯಾಲೆ ಕಾಲಿಟ್ಬುಟ್ಟೆ. ಅದ್ಕೇ ಕಾಲೇ ಕಿತ್ಕಂಡ್ಳು. ಊರೋರು ಬಾಟ್ಲಿ ಅಂದ್ರು, ನಾನು ಸುಮ್ಕಿದ್ದೆ, ಪಾಪಿ ಅಂದಾರು ಅಂತ. ಇದ್ಕೆ ಏನಾದ್ರೂ ಪರಿಹಾರ ಐತಾ ಬುದ್ಧಿ?"

ಹತ್ತು ವರ್ಷ. ಹತ್ತು ವರ್ಷ ಈ ಮನುಷ್ಯ ನನ್ನ ತಪ್ಪಿಗೆ ದೇವರ ಹತ್ತಿರ ಕ್ಷಮೆ ಕೇಳುತ್ತ ಕೂತಿದ್ದ. ನಾನು ಹೇಳಿದೆ. ಪದ್ಮಕ್ಕ, ಕವರು, ತೇಲಿದ್ದು, ಕಲ್ಲು, ಟಕ್ ಎಂದ ಸದ್ದು, ಗೋಣಿಚೀಲ, ಒಂದನ್ನೂ ಬಿಡದೆ ಹೇಳಿದೆ. ಹೇಳುವಾಗ ಅತ್ತೆ. ಅವನು ಬೈಯಲಿ, ಊರುಗೋಲಿನಲ್ಲಿ ಹೊಡೆಯಲಿ ಎಂದು ಕಾದೆ.

"ಕಲ್ಲು ಏರುದ್ರಾ?" ಅಂದ ಮಾದಯ್ಯ. "ಅವ್ವನ ಮ್ಯಾಲೆ?"

"ಅಂಗಾರೆ ಅವ್ವ ನನ್ ಮ್ಯಾಲೆ ಮುನ್ಸ್ಕಂಡಿರ್ನಿಲ್ಲ" ಎಂದು ತನಗೆ ತಾನೇ ಹೇಳಿಕೊಂಡು, ಹೆಗಲ ಮೇಲಿನ ಟವೆಲಿನಿಂದ ಮುಖ ಮುಚ್ಚಿಕೊಂಡ. ಟವೆಲು ತೆಗೆದಾಗ ನನ್ನ ಮುಖ ನೋಡಲಿಲ್ಲ.

"ಆ ಐಕ್ಳಿಗೆ ವಡ್ಯೋವಾಗ ನಾನು ಆಸ್ಪತ್ರೇಲಿದ್ದೆ. ಬಂದ್ಮ್ಯಾಲಾದ್ರೂ ಯೋಳ್ಬೋದಿತ್ತು. ಯೋಳ್ನಿಲ್ಲ. ನೀವೂ ಯೋಳ್ನಿಲ್ಲ. ನಂಗೆ ಓಗಕ್ಕಾಗಾಕಿಲ್ಲ, ಒಂಟಿ ಕಾಲು. ನೀವು ಓಗಿ. ನಂದೂ ಸೇರ್ಸಿ ಯೋಳಿ" ಅಂದ. ಇಷ್ಟು ಹೇಳಿ ಬುಟ್ಟಿ ಕೈಗೆತ್ತಿಕೊಂಡ. ನನಗೆ ಕೂತ್ಕೊಳ್ಳಿ ಅನ್ನಲಿಲ್ಲ, ಹೋಗಿ ಅನ್ನಲೂ ಇಲ್ಲ.

ನಮ್ಮ ಮನೆಯಿಂದ ಮಾವಳ್ಳಿಗೆ ನಡೆದರೆ ಅರ್ಧ ಗಂಟೆಯೂ ಇಲ್ಲ. ಹತ್ತು ವರ್ಷದಲ್ಲಿ ನಾನು ಆ ಕಡೆ ತರಕಾರಿಗೂ ಹೋಗಿರಲಿಲ್ಲ, ಲಾಲ್‌ಬಾಗಿಗೆ ವಾಕಿಂಗ್ ಹೋದರೆ ಬೇರೆ ಗೇಟಿನಿಂದಲೇ ಹೊರಗೆ ಬರುತ್ತಿದ್ದೆ. ಈವತ್ತು ಬೆಳಿಗ್ಗೆ ಹೋದೆ. ಎರಡು ಕಡೆ ವಿಚಾರಿಸಿದ್ದಕ್ಕೇ ಪ್ರಕಾಶನ ಗ್ಯಾರೇಜು ಸಿಕ್ಕಿತು, ಈಗ ಸ್ವಂತದ್ದು. ಮುಂದೆ ನಾಲ್ಕು ಸ್ಕೂಟರು, ಹಿಂದೆ ತಗ್ಗು ಬಾಗಿಲಿನ ಮನೆ. ತಲೆ ಅಲ್ಲಲ್ಲಿ ನರೆತಿದೆ. ಬಲಗೈ ಮೊಣಕೈಯಲ್ಲಿ ಸೊಟ್ಟಗೆ ಕೂಡಿಕೊಂಡಿದೆ, ಪೂರ್ತಿ ಚಾಚುವುದಿಲ್ಲ. ಎಡಗೈಯಲ್ಲಿ ಸ್ಪ್ಯಾನರ್ ತಿರುಗಿಸುತ್ತಿದ್ದ.

"ಬನ್ನಿ ಸಾರ್, ಗಾಡಿಗೇನಾಗಿದೆ?" ಅಂದ.

"ಗಾಡಿ ತಂದಿಲ್ಲಪ್ಪ. ನಿನ್ನ ಕೈ ವಿಷಯಕ್ಕೆ ಬಂದೆ" ಅಂದೆ.

ನಿಂತೇ ಹೇಳಿದೆ, ಮಾದಯ್ಯನ ಪಾಲನ್ನೂ ಸೇರಿಸಿ. ಅವನು ಸ್ಪ್ಯಾನರ್ ಕೆಳಗಿಟ್ಟು ಕೈ ಒರೆಸಿಕೊಂಡ, ಬೆರಳು ಬೆರಳಿಗೂ ಒರೆಸಿಕೊಂಡ. ಮುಗಿದ ಮೇಲೆ ಕೇಳಿದ: "ಬಾಟ್ಲಿ ಬ್ಯಾಗಲ್ಲೇ ಇತ್ತು ಅಂತ ನಿಮಗೆ ಗೊತ್ತಿತ್ತಲ್ವಾ ಸಾರ್? ನಿಮಗೆ ತೋರಿಸಿದ್ನಲ್ಲ?"

"ಗೊತ್ತಿತ್ತು."

"ನಮ್ಮಪ್ಪ ನಂಬ್ಲೇ ಇಲ್ಲ ಸಾರ್. ಕುಡ್ದು ಬಡವನ ಕಾಲು ಕಳೆದ ಅಂತ ಸಾಯೋವರ್ಗೂ ನನ್ನ ಜೊತೆ ಮಾತಾಡ್ಲಿಲ್ಲ. ಕೊನೇಲಿ ನನ್ನ ಕೈಯಿಂದ ನೀರೂ ಕುಡೀಲಿಲ್ಲ. ಹೋಗಿ ಎರಡು ವರ್ಷ ಆಯ್ತು."

ನಾನು ಕೈ ಮುಗಿದೆ. ಅವನು ಅದನ್ನು ನೋಡಲಿಲ್ಲ. ತಗ್ಗು ಬಾಗಿಲಿನ ಪರದೆಯನ್ನು ಸೊಟ್ಟಗೈಯಿಂದ ಎತ್ತಿ ಹಿಡಿದ.

"ಒಳಗೆ ನಮ್ಮಮ್ಮ ಇದ್ದಾರೆ. ನನಗೆ ಹೇಳಿದ್ದನ್ನ ಅವರಿಗೂ ಹೇಳಿ ಬನ್ನಿ. ಸ್ವಲ್ಪ ಜೋರಾಗಿ ಹೇಳಿ, ಅವರಿಗೆ ಕಿವಿ ಕೇಳ್ಸಲ್ಲ" ಅಂದ.

ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ಒಳಗೆ ಹೋದೆ.