ಅವ್ವನ ಕ್ಲಾಸಿಗೆ ಲೇಟ್ ಅಡ್ಮಿಷನ್

ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಸ್ಟೀಲಿನ ಪರಾತಕ್ಕೆ ಲಟ್ಟಣಿಗೆಯ ಏಟು ಬೀಳುತ್ತಿತ್ತು. ಠಣ್, ಠಣ್, ಠಣ್! ಇಸವಿ ಎರಡು ಸಾವಿರ ದಾಟಿ ಆರೇಳು ವರ್ಷವಾಗಿತ್ತು. ರಾಯಬಾಗದ ನಮ್ಮ ಓಣಿಯಲ್ಲಿ ಮಧ್ಯಾಹ್ನದ ನಿದ್ದೆಯ ಆಸೆಯನ್ನು ಎಲ್ಲರೂ ಬಿಟ್ಟಿದ್ದರು.

ಈ ಗಂಟೆ ಬಾರಿಸುವವಳು ನನ್ನ ಅವ್ವ. ಎಂಬತ್ತು ದಾಟಿದ್ದಳು. ಕನ್ನಡ ಶಾಲೆಯಿಂದ ರಿಟೈರ್ ಆಗಿ ಇಪ್ಪತ್ತು ವರ್ಷದ ಮೇಲಾಗಿತ್ತು, ಆದರೆ ಆ ಸುದ್ದಿ ಅವಳಿಗೆ ಮಾತ್ರ ಇನ್ನೂ ಮುಟ್ಟಿರಲಿಲ್ಲ. ಪಡಸಾಲೆಯಲ್ಲಿ ಜಮಖಾನೆ ಹಾಸಿ, ಶಾಲೆ ಕಾಣದ ಹೆಂಗಸರಿಗೆ ಓದು ಬರಹ ಕಲಿಸುತ್ತಿದ್ದಳು. ಐದಕ್ಕೆ ಕ್ಲಾಸು ಬಿಡಬೇಕು. ನಾವು ಜೈನರು, ಹೊತ್ತು ಮುಳುಗಿದ ಮೇಲೆ ತಾಟಿನ ಮುಂದೆ ಕೂಡುವವರಲ್ಲ.

ಆ ಕ್ಲಾಸಿಗೆ ನನಗೂ ಸೇರಬೇಕಿತ್ತು. ಐವತ್ತೈದು ವರ್ಷದಿಂದ ಸೇರಬೇಕಿತ್ತು.

ನನಗೆ ಆರು ತುಂಬಿದಾಗ ಅವ್ವ ಅಂಕಲಿಯಲ್ಲಿ ಒಂದನೆಯ ಇಯತ್ತೆಯ ಅಕ್ಕೋರು, ಅಂದರೆ ಟೀಚರು. ಅಲ್ಲಿನ ನಮ್ಮ ಓಣಿಯ ಹುಡುಗರೆಲ್ಲ ಅವಳ ಹಾಜರಿ ಪುಸ್ತಕ ಸೇರಿದರು. ನನಗೆ ಮಾತ್ರ ಟ್ರಂಕು ಸಿದ್ಧವಾಯಿತು. ಬೆಳಗಾವಿಯ ಕಾನ್ವೆಂಟು, ಬೋರ್ಡಿಂಗು. ಅಪ್ಪನಿಗೆ ಅವಳು ಹೇಳುತ್ತಿದ್ದುದನ್ನು ಬಾಗಿಲ ಮರೆಯಿಂದ ಕೇಳಿಸಿಕೊಂಡಿದ್ದೆ: "ಮಗಳು ನನ್ನ ಮುಂದ ಕುಂತ್ರ ನನ್ನ ಕಣ್ಣು ಅಕೀ ಮ್ಯಾಲೇ ಇರ್ತಾವು. ಉಳದ ಹುಡುಗುರಿಗೆ ನಾ ಅರ್ಧಾ ಅಕ್ಕೋರು ಆಗ್ತೇನಿ."

ಪ್ರೀತಿಗೇನೂ ಕಡಿಮೆ ಇರಲಿಲ್ಲ. ತಿಂಗಳಿಗೊಮ್ಮೆ ಎರಡು ಬಸ್ ಬದಲಿಸಿ, ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ವಿಸಿಟರ್ಸ್ ರೂಮಿನಲ್ಲಿ ಕೂತಿರುತ್ತಿದ್ದಳು. ಆದರೆ ಮನೆಗೆ ಬರೆಯುವ ಪತ್ರ ಇಂಗ್ಲಿಷಿನಲ್ಲೇ ಇರಬೇಕೆಂದು ಸಿಸ್ಟರ್‌ಗಳ ಸ್ಟ್ರಿಕ್ಟ್ ರೂಲ್. ಪ್ರತಿ ಭಾನುವಾರ "ಡಿಯರ್ ಮದರ್, ಐ ಆ್ಯಮ್ ಕ್ವೈಟ್ ವೆಲ್." ಅವ್ವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಅವಳ ಶಾಲೆಯ ಹೆಡ್ ಮಾಸ್ತರರು ಅದನ್ನು ಗಟ್ಟಿಯಾಗಿ ಓದಿ, ಅರ್ಥ ಹೇಳುತ್ತಿದ್ದರಂತೆ. ಹೆಡ್ ಮಾಸ್ತರರ ಬಾಯಿಂದ ಕೇಳಬಹುದಾದಷ್ಟನ್ನೇ ನಾನು ಬರೆದೆ.

ಮುಂದೆ ಪುಣೆಯಲ್ಲಿ ನೌಕರಿ, ಸಂಸಾರ. ರಜೆಗೆ ಬಂದಾಗ ಅವ್ವನ ಜೊತೆ ಹೊರಗೆ ಹೊರಟರೆ ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಯಾವ ಬಸ್ ಸ್ಟ್ಯಾಂಡಾದರೂ ಸರಿ, ಯಾರಾದರೊಬ್ಬರು ಓಡಿ ಬಂದು ಅವಳ ಕಾಲಿಗೆ ಬೀಳುತ್ತಿದ್ದರು. ಕಾಗವಾಡದಲ್ಲಿ ಒಮ್ಮೆ ಬಿಳಿ ಮೀಸೆಯ ಕಂಡಕ್ಟರ್ ಹೊರಟ ಬಸ್ಸನ್ನೇ ನಿಲ್ಲಿಸಿ ಇಳಿದ.

"ಅಕ್ಕೋರ, ಗುರ್ತ ಹತ್ತೇತೇನ್ರಿ? ಮಗ್ಗಿ ಬರಲಿಲ್ಲಂತ ನನ್ನ ಬೆಂಚಿನ ಮ್ಯಾಲ ನಿಂದ್ರಿಸಿದ್ರಿ!"

"ಈಗರ ಬರತೈತೇನೋ?"

"ಹದಿನೇಳರದ್ದು ಇನ್ನೂ ಬರಂಗಿಲ್ರಿ."

ಇಡೀ ಬಸ್ಸು ನಕ್ಕಿತು. ನಾನು ಪರ್ಸು ಹಿಡಿದುಕೊಂಡು ಗೆಸ್ಟಿನ ಹಾಗೆ ಪಕ್ಕದಲ್ಲಿ ನಿಂತಿದ್ದೆ. ಟು ಬಿ ಫ್ರ್ಯಾಂಕ್, ಹೊಟ್ಟೆಕಿಚ್ಚಾಗುತ್ತಿತ್ತು. ನನ್ನನ್ನು ಅವಳು ಎಲ್ಲಿಯೂ ನಿಲ್ಲಿಸಿರಲಿಲ್ಲ.

ರಿಟೈರ್ ಆಗಿ, ಪುಣೆಯಲ್ಲಿ ಒಬ್ಬಳೇ ಉಳಿದ ಮೇಲೆ ನಾನು ರಾಯಬಾಗಕ್ಕೆ ಬಂದುಬಿಟ್ಟೆ. ಬಂದ ವಾರವೇ, ಕ್ಲಾಸಿಗೆ ಸೇರಿಸಿಕೋ ಎಂದು ಕೇಳಿದೆ.

"ನೀ ಕಲ್ತಾಕಿ. ಇದು ಕಲೀದವ್ರ ಸಾಲಿ," ಎಂದಳು ಅವ್ವ.

"ಕನ್ನಡ ಬರಿಯಾಕ ನನಗೆಲ್ಲಿ ಬರತೈತಿ?"

"ಬರಿ, ನೋಡೂನು."

ನಾಲ್ಕು ಸಾಲು ಬರೆದೆ. ಅವ್ವ ಚಾಳೀಸಿನ ಕನ್ನಡಕ ಹಾಕಿ ನೋಡಿದಳು, ತೆಗೆದು ನೋಡಿದಳು. ಕಾಗದವನ್ನು ದೂರ ಹಿಡಿದೂ ನೋಡಿದಳು.

"ನಾಳಿಂದ ಬಾ," ಎಂದಳು. "ಮುಂದಿನ ಸಾಲಾಗ ಕೂಡು."

ನನ್ನ ಪಕ್ಕದಲ್ಲಿ ಕೂಡುತ್ತಿದ್ದವಳು ಕುಡಚಿಯ ಚಾಚಿ. ರೈಲಿನಲ್ಲಿ ಬಂದು ಬಳೆ ಮಾರುತ್ತಿದ್ದಳು. ಬುಟ್ಟಿಯನ್ನು ನಮ್ಮ ಕಟ್ಟೆಯ ಮೇಲಿಟ್ಟು ಕ್ಲಾಸಿಗೆ ಕೂತು, ಸಂಜೆಯ ಗಾಡಿಗೆ ಹೋಗುತ್ತಿದ್ದಳು. ಕ್ಲಾಸಿನಲ್ಲಿ ಇದ್ದುದು ಒಂದೇ ಕಾನೂನು: ಅಲ್ಲಿ ಅವ್ವ ಎಲ್ಲರಿಗೂ, ನನಗೂ, ಅಕ್ಕೋರು. ಮೂರನೆಯ ದಿನವೇ ಅಡುಗೆಮನೆಯಿಂದ ವಾಸನೆ ಬಂದು, ನಾನು ಕೂಗಿದೆ: "ಅವ್ವಾ, ಹಾಲು ಉಕ್ಕಾಕತ್ತಾವು!"

"ಇಲ್ಲೆ ಯಾರ ಅವ್ವ? ನಿಂದ್ರು."

"ಅಲ್ಲ, ಹಾಲು..."

"ನಿಂದ್ರಂದ್ನಿ."

ಎದ್ದು ನಿಂತೆ. ಚಾಚಿ ಸೆರಗಿನಲ್ಲಿ ನಗು ಮುಚ್ಚಿಕೊಂಡು, "ಕ್ಯಾ ಮೇಮಸಾಬ, ಅಷ್ಟ ದೊಡ್ಡ ಸಾಲ್ಯಾಗ ನಿಂದ್ರೂದು ಕಲಿಸಿಲ್ಲೇನ್ರಿ?" ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಒಳಗೆ ಹಾಲೆಲ್ಲ ಹರಿದುಹೋಯಿತು. ಮೊಣಕಾಲು ನೋಯುತ್ತಿತ್ತು, ಆದರೂ ಕಾನ್ವೆಂಟಿನ ಯಾವ ಪ್ರೈಜ್ ಡೇಯಲ್ಲೂ ನಾನು ಅಷ್ಟು ಹೆಮ್ಮೆಯಿಂದ ನಿಂತಿರಲಿಲ್ಲ.

ಅದೇ ವರ್ಷ ದೀಪಾವಳಿ ಮುಗಿದ ಮೇಲೆ, ಯಾರಿಗಾದರೂ ಒಂದು ಪತ್ರ ಬರೆಯಿರಿ ಎಂದಳು ಅವ್ವ. ಚಾಚಿ ಅಳಿಯನಿಗೆ ಮೂರು ಸಾಲು ಬರೆದು, ಅದರಲ್ಲಿ ಎರಡು ಬೈಗುಳ ಎಂದು ತಾನೇ ಘೋಷಿಸಿದಳು. ನಾನು ಬರೆದದ್ದು ಅವ್ವನಿಗೆ. ಬೋರ್ಡಿಂಗಿನ ಮೊದಲ ವರ್ಷ ಟ್ರಂಕಿನ ತಳದಲ್ಲಿ ಅವಳದೊಂದು ಹಳೆಯ ಇಳಕಲ್ ಸೀರೆಯ ತುಂಡು ಇತ್ತು, ಅದನ್ನು ಕೈಗೆ ಸುತ್ತಿಕೊಳ್ಳದೆ ನನಗೆ ನಿದ್ದೆ ಬರುತ್ತಿರಲಿಲ್ಲ, ನಾನು ಕ್ವೈಟ್ ವೆಲ್ ಇರಲೇ ಇಲ್ಲ ಎಂದು.

ಅವ್ವ ಅದನ್ನು ಎರಡು ಸಲ ಓದಿದಳು. ಚಾಳೀಸನ್ನು ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡಳು.

"ಇದನ್ನ ಓದಾಕ ಹೆಡ್ ಮಾಸ್ತರ್ ಬೇಕಾಗಲಿಲ್ಲ ನೋಡು," ಎಂದಳು. ಆಮೇಲೆ ಕೆಂಪು ಪೆನ್ನು ಎತ್ತಿಕೊಂಡು, "ಅಕ್ಷರ ಇನ್ನೂ ದುಂಡಗ ಆಗಬೇಕು. ಹತ್ತಕ್ಕ ಆರು."

ಚಾಚಿಗೆ ಏಳು ಬಂದಿತ್ತು. ವಾರವಿಡೀ ನನ್ನನ್ನು ಕಾಡಿದಳು.

ನಾಲ್ಕು ವರ್ಷ ಹೀಗೆ ಕಳೆದವು. ಅವ್ವ ಹೋದಾಗ ನಾನು ಕಣ್ಣಿನ ಆಪರೇಷನ್ನಿಗೆಂದು ಪುಣೆಯಲ್ಲಿದ್ದೆ. ಬಿಸಿಲಿರುವಾಗಲೇ ಊಟ ಮುಗಿಸಿ, ಕೈತೊಳೆದು, ಕುರ್ಚಿಯಲ್ಲಿ ಒರಗಿದವಳು ಹಾಗೆಯೇ ಹೋದಳಂತೆ. ಹಾಗಾಗಿ ಕೊನೆಯ ಸಲ ಅವಳನ್ನು ನೋಡಿದ್ದು ನಾನು ಪುಣೆಗೆ ಹೊರಟ ಮುಂಜಾನೆ. ಬಾಗಿಲಲ್ಲಿ ಆಟೋ ನಿಂತಿತ್ತು. ಅವ್ವ ಕಟ್ಟೆಯ ಮೇಲೆ ಕೂತು ಕ್ಲಾಸಿನವರು ಹಿಂದಿನ ದಿನ ಬರೆದ ವಹಿಗಳನ್ನು ತಿದ್ದುತ್ತಿದ್ದಳು.

"ಬರ್ತೇನವ್ವಾ. ನಾಕ ದಿನ ಅಷ್ಟ."

"ರಜಾ ಅರ್ಜಿ?"

ನಾನು ನಕ್ಕೆ. ಅವಳು ನಗಲಿಲ್ಲ. ಚೀಲ ಕೆಳಗಿಟ್ಟು, ನಿಂತುಕೊಂಡೇ ಬರೆದೆ: ಮಾನ್ಯ ಅಕ್ಕೋರಿಗೆ, ಕಣ್ಣಿನ ಆಪರೇಷನ್ ಇರುವುದರಿಂದ ನಾಲ್ಕು ದಿನ ರಜೆ ಕೊಡಬೇಕಾಗಿ ವಿನಂತಿ. ತಮ್ಮ ವಿಧೇಯ ವಿದ್ಯಾರ್ಥಿನಿ.

ಆಟೋದವನು ಹಾರ್ನ್ ಹೊಡೆದ. "ಬರ್ರಿ ಬಾಯಾರ, ಗಾಡಿ ತಪ್ಪತೈತ್ರಿ!"

"ತಡಿಯೋ ತಮ್ಮಾ, ಓದಾಕತ್ತೇನಿ," ಎಂದಳು ಅವ್ವ.

ಪೂರ್ತಿ ಓದಿದಳು. ಕೆಂಪು ಪೆನ್ನು ಕೈಯಲ್ಲೇ ಇತ್ತು, ಎಲ್ಲಿಯೂ ಮುಟ್ಟಿಸಲಿಲ್ಲ. ಕೆಳಗೆ ಸಹಿ ಹಾಕಿ, "ಹೋಗಿ ಬಾ," ಎಂದಳು. ಆಟೋ ತಿರುಗುವಾಗ ಹಿಂದಕ್ಕೆ ನೋಡಿದೆ. ಅವ್ವ ನನ್ನ ಅರ್ಜಿಯನ್ನು ಹಾಜರಿ ಪುಸ್ತಕದೊಳಗಿಟ್ಟು, ಮಡಿಚಿಕೊಂಡಿದ್ದ ಅದರ ಮೂಲೆಯನ್ನು ಹೆಬ್ಬೆರಳಿನಿಂದ ನೀವಿ ನೀವಿ ಸರಿಮಾಡುತ್ತಿದ್ದಳು.