ಗಡಿಯಾರದ ಕೆರೆ

ಬಂಗಾರಪೇಟೆಯಿಂದ ಬೂದಿಕೋಟೆಗೆ ಹೋಗುವ ಬಸ್ಸು ನಮ್ಮೂರ ಕೆರೆ ಏರಿಯ ಬಳಿ ನಿಂತಾಗ ಕಂಡಕ್ಟರು ಈಗಲೂ "ಗಡಿಯಾರದ ಕೆರೆ" ಎಂದು ಕೂಗುತ್ತಾನೆ. ಐವತ್ತರ ದಶಕದ ಕೊನೆಯವರೆಗೆ, ನಾನು ಕಾಲೇಜಿನಿಂದ ರಜೆಗೆ ಬಂದ ಆ ವಾರದವರೆಗೆ, ಅದು ಬರೀ ಚಿಕ್ಕೆರೆಯಾಗಿತ್ತು.

ಆ ವರ್ಷ ಕೆರೆ ತುಂಬಿತ್ತು. ತೂಬಿನ ಬಾಯಿಗೆ ಬಡಿದಿದ್ದ ಮರದ ಬಿರಡೆ ನೀರಲ್ಲಿ ಊದಿಕೊಂಡು ಕಚ್ಚಿತ್ತು. ಗದ್ದೆಗೆ ನೀರು ಹರಿಯಬೇಕಾದರೆ ನೀರುಗಂಟಿ ಮುಳುಗಿ ಅದನ್ನು ಕೀಳಬೇಕು. ಅವನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದಾಗಲೆಲ್ಲ ಅವನ ಹೆಂಡತಿ ಏರಿಯ ಮೇಲೆ ಕೂತು ತಾನೂ ಉಸಿರು ಹಿಡಿಯುವಳು. ಅವಳು ಉಸಿರು ಬಿಟ್ಟ ಕೂಡಲೇ ಹಗ್ಗ ಹಿಡಿದ ಇಬ್ಬರು ಎಳೆಯಬೇಕು. ಅವಳ ಅತ್ತೆಯೂ ಹೀಗೆಯೇ ಕೂರುತ್ತಿದ್ದಳಂತೆ.

ಮೊದಲ ಸಲ ಎಳೆದಾಗ ಅವನು ಬರಿಗೈಲಿ ಮೇಲೆ ಬಂದ.

"ಅಲ್ಲಾಡ್ತಿತ್ತು ಕಣ್ಲಾ. ಇನ್ನೊಂದ್ ಗಳಿಗೆ ಬಿಟ್ಟಿದ್ರೆ ಬಂದ್ಬುಡ್ತಿತ್ತು. ಇವ್ಳದು ಗುಬ್ಬಚ್ಚಿ ಉಸ್ರು."

"ಗುಬ್ಬಚ್ಚಿನೇ ನಿನ್ನ ಇಷ್ಟ್ ವರ್ಸ ದಡ ಸೇರ್ಸಿರೋದು," ಎಂದಳು ಅವಳು.

ನನ್ನ ಕೈಯಲ್ಲಿ ಹೊಸ ಗಡಿಯಾರವಿತ್ತು, ಮೈಸೂರು ಮೈನ್ಸ್ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ ಸೋದರಮಾವ ಕೊಡಿಸಿದ್ದು. ನೀರುಗಂಟಿ ಮುಳುಗಿದ್ದು ಐವತ್ತೇ ಸೆಕೆಂಡು ಎಂದೆ. ಮನುಷ್ಯ ಒಂದೂವರೆ ನಿಮಿಷ ತಡೆಯಬಲ್ಲ, ಪುಸ್ತಕದಲ್ಲಿದೆ ಎಂದೆ. ನನ್ನನ್ನು ಯಾರೂ ಕೇಳಿರಲಿಲ್ಲ.

"ಅಂಗಾದ್ರೆ ಈ ಸಲ ಗಡಿಯಾರ ನೋಡ್ಕಂಡೇ ಎಳೀರಿ," ಎಂದು ನಗುತ್ತ ಅವನು ಮತ್ತೆ ಮುಳುಗಿದ.

ಅವಳು ಆಗಲೂ ಉಸಿರು ಹಿಡಿದಳು. ಈ ಸಲ ಇನ್ನೂ ಬೇಗ ಬಾಯಿ ತೆರೆದಳು.

"ನಂದು ಮುಗೀತು. ಎಳೀರಣ್ಣ."

ಹಗ್ಗ ಹಿಡಿದವರು ನನ್ನ ಮುಖ ನೋಡಿದರು. ನಾನು ಕೈ ಅಡ್ಡ ಹಿಡಿದು, "ಇನ್ನೂ ಅರ್ಧ ನಿಮಿಷಕ್ಕೂ ಜಾಸ್ತಿ ಇದೆ ಅಕ್ಕಾ," ಎಂದೆ.

"ನಿನ್ ಕಾಲಿಗ್ ಬೀಳ್ತೀನಪ್ಪ, ಎಳೀ ಅನ್ನು."

ಮುಳ್ಳು ಸುತ್ತುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಅಷ್ಟರಲ್ಲಿ ಏರಿಯ ಆಚೆ ಕಾಲುವೆಗೆ ನೀರು ಧುಮುಕಿದ ಸದ್ದಾಯಿತು. ಬಿರಡೆ ಬಂತೆಂದು ನಾನು ನಕ್ಕೆ. ಎಳೆದರೆ ಹಗ್ಗ ಬರಲಿಲ್ಲ. ತೂಬಿನ ಸೆಳೆತ ಅವನ ತೋಳನ್ನು ಭುಜದವರೆಗೆ ಒಳಗೆಳೆದುಕೊಂಡಿತ್ತು. ಇಬ್ಬರು ಈಜುಗಾರರು ಮುಳುಗಿ ಬಿಡಿಸಿ ತಂದು ಏರಿಯ ಮೇಲೆ ಮಲಗಿಸಿದಾಗ ಅವನಲ್ಲಿ ಉಸಿರಿರಲಿಲ್ಲ. ಎರಡನೇ ಸಲ ಮುಳುಗುವವನು ಮೊದಲೇ ಬಳಲಿರುತ್ತಾನೆ, ಸೆಳೆತದಿಂದ ಕೈ ಕಿತ್ತುಕೊಳ್ಳುವ ಕಸುವು ಅವನಲ್ಲಿರುವುದಿಲ್ಲ ಎಂಬುದು ನನಗೆ ಹೊಳೆದಿರಲಿಲ್ಲ. ಅವಳ ಎದೆಗೆ ಗೊತ್ತಿತ್ತು.

ಅವಳು ನನ್ನನ್ನು ಬೈಯಲಿಲ್ಲ. ಬಟ್ಟೆ ಒಗೆಯಲು ಹೋಗುವ ಹೆಂಗಸರು ಮೊದಲು ಗಡಿಯಾರದ ಕೆರೆ ಎನ್ನತೊಡಗಿದರು, ಆಮೇಲೆ ಊರು, ಆಮೇಲೆ ಬಸ್ಸು. ಗಣಿಯ ಯಾವನೋ ದೊರೆ ಇಲ್ಲಿ ಗಡಿಯಾರದ ಕಂಬ ನಿಲ್ಲಿಸಿದ್ದನಂತೆ ಎಂದು ಮೊನ್ನೆ ಪಕ್ಕದ ಸೀಟಿನವರು ಹೇಳಿದರು. ಬಸ್ಸು ಕೆರೆಯ ಏರಿಯನ್ನು ಹತ್ತಿದ ಕೂಡಲೇ ನಾನು ಉಸಿರು ಹಿಡಿದಿದ್ದೆ. ಪ್ರತಿ ಸಲವೂ ಹಿಡಿಯುತ್ತೇನೆ. ತೂಬಿನ ಕಲ್ಲುಗಂಬ ಕಾಣುವ ಮೊದಲೇ ನನ್ನದು ಮುಗಿದುಹೋಗುತ್ತದೆ.