ಗೋದಾಮಿನಲ್ಲಿ ರಕ್ಕಸತಂಗಡಿ

ಶಂಭುಲಿಂಗ ತೀರಿಕೊಂಡು ವರ್ಷವಾಗುತ್ತ ಬಂತು. ರಾಣೇಬೆನ್ನೂರಿನ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಿದ್ದ ಈ ಹಲಗೇರಿಯ ಮನುಷ್ಯನ ಬಗ್ಗೆ ಸಂತಾಪ ಸಭೆಯಲ್ಲಿ ಎಲ್ಲರೂ ಬಹಳ ಗಂಭೀರವಾಗಿ ಮಾತಾಡಿದರು. ಅವರು ಬಣ್ಣಿಸಿದ ವ್ಯಕ್ತಿಯನ್ನು ಶಂಭುಲಿಂಗನೇ ಗುರುತಿಸುತ್ತಿರಲಿಲ್ಲ. ಅವನನ್ನು ಬಲ್ಲವರಿಗೆ ಹೆಸರು ಕೇಳಿದರೆ ಮೊದಲು ನಗು ಬರುತ್ತದೆ. ಅಳು ಬರುವುದು ಮನೆಗೆ ಹೋದ ಮೇಲೆ.

ಅವನ ಇತಿಹಾಸ ಸಾವಿರದ ಐನೂರನೇ ಇಸವಿಗೆ ಶುರುವಾಗಿ ಸಾವಿರದ ಎಂಟುನೂರಕ್ಕೆ ಮುಗಿಯುತ್ತಿತ್ತು. ಅದರ ಹಿಂದೆ ಮುಂದೆ ನಡೆದದ್ದಕ್ಕೆ ತಾನು ಜವಾಬ್ದಾರನಲ್ಲ ಎಂಬಂತೆ ಇರುತ್ತಿದ್ದ. ಯಾರಾದರೂ ಅಶೋಕನ ಬಗ್ಗೆ ಕೇಳಿದರೆ ವಿಭಾಗದ ಇನ್ನೊಬ್ಬ ಮೇಷ್ಟರು ಕೂರುವ ಎದುರಿನ ಕುರ್ಚಿ ತೋರಿಸಿ, ಅದು ಭರಮಣ್ಣ ಸರ್ ಅವರ ಕಾಲ ಎನ್ನುತ್ತಿದ್ದ. ಗಾಂಧೀಜಿಯ ಬಗ್ಗೆ ಕೇಳಿದರೂ ಅದೇ ಕುರ್ಚಿ. ತನ್ನ ಕಾಲದ ಮಟ್ಟಿಗೆ ಮಾತ್ರ ಅವನಲ್ಲಿ ಎಲ್ಲವೂ ಇತ್ತು. ಬಿಜಾಪುರದ ನಕಾಶೆ, ಪೋರ್ಚುಗೀಸರ ಹಡಗಿನ ಚಿತ್ರ, ಧಾರವಾಡದಿಂದ ತಂದ ಝೆರಾಕ್ಸ್ ಪುಟಗಳು, ಇವೆಲ್ಲ ಒಂದು ತಗಡಿನ ಟ್ರಂಕಿನಲ್ಲಿರುತ್ತಿದ್ದವು. ರಜೆಯಲ್ಲಿ ಅದನ್ನು ಬಸ್ಸಿನ ಮೇಲೆ ಹೇರಿಕೊಂಡು ಊರೂರಿನ ವಿದ್ಯಾರ್ಥಿಗಳನ್ನು ಹುಡುಕಿ ಹೊರಡುತ್ತಿದ್ದ. ಕುಪ್ಪೇಲೂರಿನಲ್ಲಿ ಒಮ್ಮೆ ಟ್ರಂಕು ನೋಡಿ ಬಳೆಗಾರ ಬಂದನೆಂದು ಓಣಿಯ ಹೆಂಗಸರೆಲ್ಲ ಕೂಡಿದರು. ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಸರಿಯಲ್ಲವೆಂದು ಅವನು ಅವರಿಗೆ ಕೆಳದಿಯ ಚೆನ್ನಮ್ಮನ ಕಥೆ ಹೇಳಿ ಬಂದ.

ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಆಡಳಿತ ಮಂಡಳಿಯವರು ಅವನನ್ನು ಕರೆದು, ಇತಿಹಾಸಕ್ಕೆ ಯಾರೂ ಬರುತ್ತಿಲ್ಲ, ಈ ಜೂನಿನಲ್ಲೂ ಹೀಗೇ ಆದರೆ ವಿಭಾಗ ಮುಚ್ಚುತ್ತೇವೆ ಎಂದರು. ಭರಮಣ್ಣ ಸರ್ ಹೇಗೂ ನಿವೃತ್ತಿಗೆ ಬಂದಿದ್ದರು. ಶಂಭುಲಿಂಗನಿಗೆ ಪಾಠ ಹೇಳುವುದೊಂದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಹೊಲಕ್ಕೆ ಕಳಿಸಿದರೆ ಬದುವಿನ ಮೇಲೆ ನಿಂತು ಆದಿಲ್‌ಶಾಹಿಯ ಕಂದಾಯ ಪದ್ಧತಿ ಯೋಚಿಸುವ ಗಿರಾಕಿ ಅವನು.

ಪಿಯುಸಿ ಮುಗಿಸಿದವರನ್ನು ಸೆಳೆಯಲು ಅವನು ಒಂದು ಕಾರ್ಯಕ್ರಮ ಹೂಡಿದ. ವಿಷಯ, ಮೆಣಸಿನಕಾಯಿ ಬರುವ ಮುಂಚಿನ ನಾಡು. ಬೆಳಿಗ್ಗೆ ಉಪನ್ಯಾಸ, ಮಧ್ಯಾಹ್ನ ಆ ಕಾಲದ ಊಟ. ಮೆಣಸಿನಕಾಯಿ, ಶೇಂಗಾ, ಗೋವಿನಜೋಳ, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು ಯಾವುದೂ ಇಲ್ಲ. ಅಡುಗೆ ಹೆಂಡತಿ ಸುರೇಖಾಳ ಪಾಲಿಗೆ ಬಂತು. ಕಾಳುಮೆಣಸು, ಶುಂಠಿ, ಎಳ್ಳು ಎಂದು ಅವನು ಹೇಳುತ್ತ ಹೋದಂತೆ ಅವಳ ಮುಖ ಬದಲಾಯಿತು.

"ಅಲ್ರಿ, ಇದು ಬಾಣಂತಿ ಊಟ ಆತು. ಯಾರು ಹಡದಾರ ಅಂತ ಕೇಳಿದ್ರ ಏನು ಹೇಳ್ಲಿ?"

ಇಂಥ ಕಾರ್ಯಕ್ರಮವನ್ನು ಬ್ಯಾಡಗಿಯಲ್ಲೇ ಮಾಡಬೇಕೆಂಬುದು ಅವನ ಹಟ. ಮದುವೆಯ ದಿನಗಳಾದ್ದರಿಂದ ಕಲ್ಯಾಣ ಮಂಟಪ ಸಿಗಲಿಲ್ಲ. ಮೆಣಸಿನಕಾಯಿ ವ್ಯಾಪಾರಿ ಕುತುಬುದ್ದೀನ ಸಾಹುಕಾರರ ಗೋದಾಮು ಸೀಜನ್ ಮುಗಿದು ಖಾಲಿ ಇತ್ತು. ಕೇಳಲು ಹೋದಾಗ ವಿಷಯ ತಿಳಿದು ಅವರಿಗೆ ನೋವಾಯಿತು.

"ನಮ್ಮೂರಾಗ ಕುಂತು ನಮ್ಮ ಕಾಯಿ ಹೊರಗಿಂದು ಅಂತ ಹೇಳಾಕತ್ತೀರೇನ್ರಿ ಸರ?"

"ಸೊಸಿನೂ ಹೊರಗಿಂದನ ಬರತಾಳಲ್ರಿ ಸಾಹುಕಾರ್ರ. ಬಂದ ಮ್ಯಾಲ ಮನಿ ಯಾರದು?"

ಕುತುಬುದ್ದೀನರು ಸ್ವಲ್ಪ ಹೊತ್ತು ತಮ್ಮ ಮನೆಯನ್ನು ನೆನೆದು ಕೀಲಿ ಕೊಟ್ಟರು. ಅಷ್ಟೇ ಅಲ್ಲ, ಕಲಿಯುವ ಮಕ್ಕಳು ಬರುತ್ತಾರೆಂದು ಕಾರ್ಯಕ್ರಮದ ದಿನ ಬೆಳಿಗ್ಗೆ ಆಳುಗಳನ್ನು ಹಚ್ಚಿ ನೆಲ, ಗೋಡೆ, ತೊಲೆಗಳನ್ನೆಲ್ಲ ಗುಡಿಸಿದರು. ತೊಲೆಗಳ ಮೇಲೆ ವರ್ಷಗಳಿಂದ ಕೂತಿದ್ದ ಮೆಣಸಿನಕಾಯಿ ಧೂಳು ಅವರ ಮರ್ಯಾದೆಯ ದೆಸೆಯಿಂದ ಗಾಳಿಗೆ ಎದ್ದಿತು. ಅದರಲ್ಲೇ ಹುಟ್ಟಿ ಬೆಳೆದ ಅವರಿಗೆ ಏನೂ ಅನ್ನಿಸಲಿಲ್ಲ. ಗೋದಾಮು ಘಮಘಮ ಅಂತೈತಿ ಎಂದು ಸಂತೋಷಪಟ್ಟರು.

ರಾಣೇಬೆನ್ನೂರು, ಹಾವೇರಿಗಳಿಂದ ಬಸ್ಸಿನಲ್ಲಿ ಬಂದವರು ಚಾಪೆಯ ಮೇಲೆ ಕೂತರು. ಶಂಭುಲಿಂಗ ರಕ್ಕಸತಂಗಡಿಯ ಕದನದಿಂದ ಶುರು ಮಾಡಿದ. ಸೈನ್ಯಗಳು ಎದುರುಬದುರಾಗುವ ಹೊತ್ತಿಗೆ ಮುಂದಿನ ಸಾಲು ಮೂಗು ಒರೆಸಿಕೊಳ್ಳತೊಡಗಿತು. ವಿಜಯನಗರದ ದಳಪತಿ ಸೆರೆಯಾದಾಗ ಇಡೀ ಗೋದಾಮು ಬಿಕ್ಕುತ್ತಿತ್ತು. ಹಂಪಿ ಉರಿಯುವಾಗ ಶಂಭುಲಿಂಗನ ಕಣ್ಣಲ್ಲೂ ನೀರು ಧಾರಾಕಾರ. ಹಂಪಿಯ ಮಾತು ಬಂದರೆ ಅವನು ಯಾವಾಗಲೂ ಅಳುತ್ತಿದ್ದನಾದ್ದರಿಂದ ವ್ಯತ್ಯಾಸ ಗೊತ್ತಾಗಲಿಲ್ಲ. ತನ್ನ ಪಾಠ ಕೊನೆಗೂ ಮಕ್ಕಳ ಎದೆಗೆ ತಟ್ಟಿತೆಂದು ಇನ್ನೂ ದನಿ ಏರಿಸಿದ. ಹಿಂದೆ ಕೂತ ಬ್ಯಾಡಗಿಯವರು ಮಾತ್ರ ಒಣಗಣ್ಣಿನಿಂದ ಸುತ್ತಲೂ ನೋಡಿದರು. ಸತ್ತವರು ಇವರಿಗೆ ಏನಾಗಬೇಕಾಗಿತ್ತೆಂದು ಕುತುಬುದ್ದೀನರು ಪಕ್ಕದವರನ್ನು ಮೆಲ್ಲಗೆ ವಿಚಾರಿಸಿದರು.

ಆಗಲೇ ಪತ್ರಿಕೆಯ ವರದಿಗಾರನೊಬ್ಬ ಬಾಗಿಲಲ್ಲಿ ಬಂದು ನಿಂತ. ಒಳಗೆ ಕಾಲಿಡದೆ ಫೋಟೋ ತೆಗೆದುಕೊಂಡು ಹೋದ. ಮರುದಿನ ಸುದ್ದಿ ಬಂತು: ವಿಜಯನಗರದ ಪತನ ಕೇಳಿ ವಿದ್ಯಾರ್ಥಿಗಳ ಕಣ್ಣೀರು.

ಊಟದ ಹೊತ್ತಿಗೇ ಕಾವ್ಯಾ ಎಂಬ ಹುಡುಗಿ ಸೀನುತ್ತ ಶಂಭುಲಿಂಗನಿಗೆ ನಿಜ ಹೇಳಿದ್ದಳು. "ಸರ, ತಪ್ಪು ತಿಳಕೋಬ್ಯಾಡ್ರಿ. ಇದು ಘಾಟು."

ಜೂನಿನಲ್ಲಿ ಪ್ರಾಂಶುಪಾಲರು ಆ ಸುದ್ದಿಯನ್ನು ಪ್ರವೇಶದ ಕಿಟಕಿಯ ಪಕ್ಕ ಅಂಟಿಸಿದರು. ಇತಿಹಾಸದತ್ತ ಕೆಲವರು ತಿರುಗಿ ನೋಡತೊಡಗಿದ್ದರು. ಘಾಟಿನ ಮಾತು ಎತ್ತದೆ ಸುಮ್ಮನಿದ್ದರೆ ವಿಭಾಗ ಉಳಿಯುತ್ತದೆ ಎಂದು ಪ್ರಾಂಶುಪಾಲರು ಶಂಭುಲಿಂಗನ ಕಿವಿಯಲ್ಲಿ ಹೇಳಿ ಹೋದರು. ಅವನಿಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಆಧಾರವಿಲ್ಲದೆ ಒಂದು ಸಾಲು ಬರೆದರೂ ವಿದ್ಯಾರ್ಥಿಗಳ ಜೀವ ಹಿಂಡುತ್ತಿದ್ದವನು ಅವನು. ಕೊನೆಗೆ ಆ ಕಿಟಕಿಯ ಪಕ್ಕ ಹೋಗಿ ನಿಂತ. ಸುದ್ದಿ ಓದಿ ಬಂದ ಒಬ್ಬೊಬ್ಬರಿಗೂ, ಅವರು ಅತ್ತದ್ದು ಮೆಣಸಿನಕಾಯಿ ಧೂಳಿಗೆ, ನನ್ನ ಪಾಠಕ್ಕಲ್ಲ ಎಂದು ಹೇಳಿ ಕಳಿಸತೊಡಗಿದ. ಕೆಲವರು ನಕ್ಕು ಕಾಮರ್ಸಿಗೆ ಹೋದರು. ಪ್ರಾಂಶುಪಾಲರು ದೂರದಿಂದ ತಲೆ ಚಚ್ಚಿಕೊಂಡರು.

ಸಾಲಿನಲ್ಲಿ ಕಾವ್ಯಾ ಬಂದಳು. ಸುದ್ದಿ ಓದಿದಳು, ಅವನ ಮುಖ ನೋಡಿದಳು.

"ಸರ, ಮೊನ್ನಿ ಆಗಿದ್ದನ್ನ ಕಣ್ಣಾರೆ ನೋಡಿ ಹಿಂಗ ಬರದಾರ. ಹಂಗಾದ್ರ ಆ ಕದನದ್ದು ಬರದವರು ಎಷ್ಟು ಖರೇ ಬರದಾರು?"

ಶಂಭುಲಿಂಗ ಇಷ್ಟು ವರ್ಷ ಕಾದಿದ್ದ ಪ್ರಶ್ನೆ ಅದು. ಎಲ್ಲಿದ್ದೇನೆಂಬುದನ್ನೇ ಮರೆತ. ಗೆದ್ದವರು ಬರೆದದ್ದು ಏನು, ಸೋತವರ ಕಡೆಯವರು ಹಾಡಿದ್ದು ಏನು, ಆಮೇಲೆ ಬಂದ ಪರದೇಶದ ಪ್ರವಾಸಿ ಕಂಡದ್ದು ಏನು ಎಂದು ಕೈ ಬೀಸುತ್ತ ಅಲ್ಲೇ ಶುರು ಹಚ್ಚಿಕೊಂಡ. ಕಿಟಕಿಗೆ ಅಡ್ಡ ನಿಂತದ್ದರಿಂದ ಸಾಲು ಮುಂದೆ ಸರಿಯಲಿಲ್ಲ. ಹಿಂದಿನವರು ಮೊದಲು ಗೊಣಗಿದರು, ಆಮೇಲೆ ಕೇಳಿಸುತ್ತಿಲ್ಲವೆಂದು ಗುಂಪಾಗಿ ಹತ್ತಿರ ಬಂದರು. ಗುಮಾಸ್ತ ಒಳಗಿನಿಂದ ಬೈಯುತ್ತಲೇ ಇದ್ದ. ಪಾಠ ಮುಗಿಯುವವರೆಗೆ ಒಬ್ಬರೂ ಕದಲಲಿಲ್ಲ. ಕಾವ್ಯಾ ಕಿಟಕಿಯೊಳಗೆ ಬಗ್ಗಿ, "ಇತಿಹಾಸ ಬರಕೊಳ್ರಿ" ಎಂದಳು. ಅವಳ ಬೆನ್ನಿಗೆ ನಿಂತ ಹುಡುಗನೂ ಅದನ್ನೇ ಅಂದ.